ಎರಡು ಹುಂಜಗಳ ಮಳೆಗಾಲ

ಶ್ರಾವಣ ಹಿಡಿಯುವ ಹಿಂದಿನ ದಿನ, ಜಿಟಿಜಿಟಿ ಮಳೆಯಲ್ಲಿ, ನಾನು ಖಡಕಿ ಬಜಾರದ ಕೋಳಿ ಅಂಗಡಿಯ ಸರದಿಯಲ್ಲಿ ನಿಂತಿದ್ದೆ. ಕೊರಳಲ್ಲಿ ಲಿಂಗ. ಅರವತ್ತೆರಡು ವರ್ಷದಲ್ಲಿ ಮೊಟ್ಟೆಯನ್ನು ಕೂಡ ಬಾಯಿಗಿಟ್ಟವನಲ್ಲ. ಮುಂದೆ ಹತ್ತು ಹನ್ನೆರಡು ಜನ, ಹಿಂದೆ ಅಷ್ಟೇ ಜನ. ಈ ದಿನಕ್ಕೆ ಇಲ್ಲಿಯ ಮರಾಠಿ ಮಂದಿ ಗಟಾರಿ ಎನ್ನುತ್ತಾರೆ. ನಾಳೆಯಿಂದ ಒಂದು ತಿಂಗಳು ಮಾಂಸ ಮುಟ್ಟುವಂತಿಲ್ಲ, ಅದಕ್ಕೇ ಇವತ್ತು ಊರಿಗೆ ಊರೇ ಕೋಳಿ ಅಂಗಡಿಯ ಮುಂದೆ ನಿಂತಿರುತ್ತದೆ.

ನಾನು ನಿಂತದ್ದು ಜಾಧವನಿಗಾಗಿ. ಇಪ್ಪತ್ತು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದವನು, ಒಂದೇ ಕಾರ್ಖಾನೆ, ಒಂದೇ ವಿಭಾಗ. ಅವನ ತಾಯಿ ನಿಪ್ಪಾಣಿಯವಳು, ಹಾಗಾಗಿ ನಮ್ಮ ಮಾತು ಅವನಿಗೆ ಬರುತ್ತದೆ. ಅಮಾವಾಸ್ಯೆ ಹಬ್ಬದ ಕಡುಬು ಕೊಟ್ಟು ಬರೋಣವೆಂದು ನಾನೂ ನನ್ನ ಹೆಂಡತಿ ಶಾಂತಾ ಅವನ ಮನೆಗೆ ಹೊರಟಿದ್ದೆವು. ದಾರಿಯಲ್ಲೇ ಸರದಿಯೊಳಗೆ ಸಿಕ್ಕ.

"ಅಣ್ಣಾ, ಸ್ವಲ್ಪ ನನ್ನ ನಂಬರ ಹಿಡಿ. ಮಳಿ ಬಂತಂದ್ರ ಈ ಕೈ ಭಾಳ ನೋಯ್ತದ. ಕುಂದರತೀನಿ," ಎಂದು ಬಲ ಮೊಣಕೈ ಹಿಡಿದುಕೊಂಡು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕುಳಿತ.

"ಕಡುಬಿನ ಡಬ್ಬಿ ಇತ್ಲಾಗ ಕೊಡ್ರಿ ಮದ್ಲ," ಎಂದು ಶಾಂತಾ ನನ್ನ ಕೈಯಿಂದ ಕಿತ್ತುಕೊಂಡು, ಮೂಗಿಗೆ ಸೆರಗು ಹಿಡಿದು ರಸ್ತೆ ದಾಟಿದಳು.

ಜಾಧವನ ಆ ಮೊಣಕೈ ಮುರಿದವನು ನಾನು. ಅವನು ನಂಬರ ಹಿಡಿ ಎಂದ ಮೇಲೆ ಇಲ್ಲ ಎನ್ನಲು ನನಗೆ ಬಾಯಿ ಎಲ್ಲಿದೆ? ಸರದಿ ಒಂದೊಂದೇ ಹೆಜ್ಜೆ ಸರಿಯಿತು. ಒಳಗಿನಿಂದ ಬಿಸಿನೀರಿನಲ್ಲಿ ಅದ್ದಿದ ಪುಕ್ಕದ ವಾಸನೆ ಬಂದು ಮುಖಕ್ಕೆ ಬಡಿಯಿತು. ಎಲ್ಲರೂ ಮೊಬೈಲು ನೋಡುತ್ತ ನಿಂತಿದ್ದರು. ನಾನು ಮಾತ್ರ ನನ್ನ ಎರಡೂ ಅಂಗೈ ನೋಡಿಕೊಂಡೆ. ಈ ವಾಸನೆ ಮೂರು ವರ್ಷದ ಹಿಂದಿನ ಇದೇ ಅಮಾವಾಸ್ಯೆ ಪೂರ್ತಿ ಈ ಕೈಗೆ ಅಂಟಿಕೊಂಡಿತ್ತು.

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಮೂವತ್ತು ವರ್ಷ ನಾನು ಮಾಡಿದ್ದು ತೋಪಿನ ಶೆಲ್ಲಿಗೆ ಮದ್ದು ತುಂಬುವ ಕೆಲಸ. ಆ ಕೆಲಸದಲ್ಲಿ, ಕಿಡಿ ಹಾರಬಾರದೆಂದು, ಕಬ್ಬಿಣದ ಸಲಕರಣೆ ಇಲ್ಲ, ಹಿತ್ತಾಳೆಯದೇ ಎಲ್ಲ. ಓಡುವಂತಿಲ್ಲ, ಎಸೆಯುವಂತಿಲ್ಲ, ಕೈ ಜೋರು ಮಾಡುವಂತಿಲ್ಲ. ಹೊಸದಾಗಿ ಬಂದವರಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: ನಿಧಾನ. ನಾಲಿಗೆ ಮಾತ್ರ ನನಗೆ ಎಂದೂ ನಿಧಾನವಾಗಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ, ಇವತ್ತಿಗೂ.

ನಮ್ಮ ಕ್ವಾರ್ಟರ್ಸು ಹಂಚಿನ ಸಾಲುಮನೆ. ಪ್ರತಿ ಮನೆಯ ಹಿಂದೆ ಉದ್ದನೆಯ ಹಿತ್ತಲು. ನಮಗೂ ಜಾಧವನಿಗೂ ನಡುವೆ ಮದರಂಗಿ ಬೇಲಿ, ಅದರಲ್ಲಿ ಆಳು ತೂರುವಷ್ಟು ಒಂದು ಕಿಂಡಿ. ಇಪ್ಪತ್ತು ವರ್ಷ ಚಹದ ಸಕ್ಕರೆಯಿಂದ ಹಿಡಿದು ಮಕ್ಕಳ ತನಕ ಎಲ್ಲ ಆ ಕಿಂಡಿಯಿಂದಲೇ ಓಡಾಡಿದ್ದು. ಶಾಂತಾ ಹಿತ್ತಲಲ್ಲಿ ಮೆಂತೆ, ಮೂಲಂಗಿ, ಬದನೆ, ಟೊಮ್ಯಾಟೊ ಹಾಕಿದ್ದಳು. ಆ ವರ್ಷ ಬಸವನಹುಳು ಬಿದ್ದು ಒಂದು ಎಲೆ ಬಿಡಲಿಲ್ಲ. ಉಪ್ಪು ಹಾಕಿ ಕೊಲ್ಲಿರಿ ಎಂದರು ಕೆಲವರು. ಕೊಲ್ಲುವುದು ನಮ್ಮಿಂದಾಗದು ಎಂದೆ. ದೌಂಡದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಶಿಂದೆ ಎಂಬ ಸಹೋದ್ಯೋಗಿ ಇದನ್ನು ಕೇಳಿ, ಗಣಪತಿ ಹಬ್ಬ ಮುಗಿದ ವಾರ, ಬೂಟಿನ ಡಬ್ಬಿಯಲ್ಲಿ ಆರು ನಾಟಿ ಕೋಳಿಮರಿ ತಂದು ನನ್ನ ಕೈಗಿಟ್ಟ. ಹುಳ ಅವೇ ತಿನ್ನುತ್ತವೆ, ನಿಮಗೆ ಪಾಪ ಬರುವುದಿಲ್ಲ ಎಂದು ನಕ್ಕ.

"ಲಿಂಗಾ ಕಟ್ಟಿದ ಮನಿಯಾಗ ಕೋಳಿ ಏನ್ರಿ? ಮಂದಿ ಏನಂದಾರು?" ಎಂದಳು ಶಾಂತಾ.

"ಸಾಕೂದಕ್ಕ ಏನಾತು? ತಿನ್ನೂದಿಲ್ಲಲ್ಲ."

ಎಂಟು ದಿನ ಮುಖ ಊದಿಸಿಕೊಂಡಿದ್ದಳು. ಒಂಬತ್ತನೆಯ ದಿನ ತಾನೇ ಜೋಳದ ನುಚ್ಚು ಸಾಣಿಗೆ ಹಿಡಿದು ಅವಕ್ಕೆ ಹಾಕುತ್ತಿದ್ದಳು. ಆರಕ್ಕೂ ಹೆಣ್ಣಿನ ಹೆಸರೇ ಇಟ್ಟೆವು. ನಮಗೇನು ಗೊತ್ತು, ಮರಿ ಎಂದರೆ ಮರಿ. ಸಂಕ್ರಾಂತಿಯ ವಾರ ಒಂದು ಬೆಳಿಗ್ಗೆ ನಮ್ಮ ಗೌರಿ ಒಗೆಯುವ ಕಲ್ಲಿನ ಮೇಲೆ ಹತ್ತಿ, ಕೊರಳು ಉದ್ದ ಮಾಡಿ ಹುಂಜದ ಹಾಗೆ ಕೂಗಿತು. ಮೂರು ದಿನಕ್ಕೆ ಗಂಗಿಯೂ ಕೂಗಿತು. ಶಾಂತಾ ನಕ್ಕು ನಕ್ಕು ಸುಸ್ತಾಗಿ, ಅವತ್ತಿನಿಂದ ಅವನ್ನು ಗೌರ್ಯಾ, ಗಂಗ್ಯಾ ಎಂದು ಕರೆದಳು.

ಆಗ ಬೆಳಿಗ್ಗೆ ಎಷ್ಟು ಚೆಂದ ಇತ್ತು ಎನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಡ್ಯೂಟಿಗೆ ಹೋಗುವ ಮುಂಚೆ ಮಣೆ ಹಾಕಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದೆ. ಬಟ್ಟಲಲ್ಲಿ ಹೆಚ್ಚಿದ ಮೂಲಂಗಿ ಸೊಪ್ಪು, ಬಲಿತ ಸೌತೆಕಾಯಿಯ ತಿರುಳು, ಕುಂಬಳದ ಬೀಜ, ಬಿರಿದ ಟೊಮ್ಯಾಟೊ. ಬಾ ಬಾ ಬಾ ಎಂದರೆ ಆರೂ ರೆಕ್ಕೆ ಬಿಚ್ಚಿ ಓಡಿ ಬರುತ್ತಿದ್ದವು. ಕೋಸುಗಡ್ಡೆಯನ್ನು ದಾರಕ್ಕೆ ಕಟ್ಟಿ ಪೇರಲ ಗಿಡಕ್ಕೆ ತೂಗುಬಿಟ್ಟರೆ ಕೆಳಗೆ ನಿಂತು ಜಿಗಿಜಿಗಿದು ಕುಕ್ಕುತ್ತಿದ್ದವು. ಚುಕ್ಕಿ ಎಂಬ ಹೇಂಟೆ ನನ್ನ ತೊಡೆ ಏರಿ ಕಣ್ಣು ಮುಚ್ಚುತ್ತಿತ್ತು. ಗೌರ್ಯಾನ ರೀತಿ ಇನ್ನೂ ಬೇರೆ. ಅಂಗೈಯಿಂದ ಒಂದು ಮೆಂತೆ ಎಲೆ ಕೊಟ್ಟರೆ ಬಾಯಲ್ಲಿ ಹಿಡಿದು, ನೆಲಕ್ಕಿಟ್ಟು, ಟುಕ್ ಟುಕ್ ಟುಕ್ ಎಂದು ಹೇಂಟೆಗಳನ್ನು ಕರೆಯುತ್ತಿತ್ತು. ಅವು ಬಂದು ತಿಂದ ಮೇಲೆ ಉಳಿದರೆ ತನಗೆ. ಎಷ್ಟೋ ಮನುಷ್ಯರಲ್ಲಿ ನಾನು ಆ ಗುಣ ಕಂಡಿಲ್ಲ. ನನಗೆ ಆ ಹುಂಜದ ಮೇಲೆ ಪ್ರಾಣವಿತ್ತು.

ಎಳ್ಳುಬೆಲ್ಲ ಕೊಡಲು ಬಂದ ಜಾಧವ ಬೇಲಿಯ ಹತ್ತಿರ ನಿಂತು ಎರಡನ್ನೂ ನೋಡಿದ.

"ಅಣ್ಣಾ, ಒಂದ ಹಿತ್ತಲದಾಗ ಎರಡು ಹುಂಜ ನಡ್ಯಂಗಿಲ್ಲ. ಈಗ ಸಣ್ಣವು ಅದಾವು, ಗೊತ್ತಾಗಂಗಿಲ್ಲ. ಮಳಿಗಾಲಕ್ಕ ಒಂದನ್ನೊಂದು ಕೊಲ್ತಾವು. ಆ ಗಂಗ್ಯಾನ್ನ ನನಗ ಕೊಡು, ಗಟಾರಿ ತನಕ ನಾ ಬ್ಯಾರೆ ಕಟ್ತೀನಿ."

"ಆಮ್ಯಾಲೆ?"

"ಆಮ್ಯಾಲೆ ಏನು, ರಸ್ಸಾ."

ನನ್ನ ಮೈ ಉರಿಯಿತು. "ನಾ ಕೈಯಾಗ ತಿನಸಿ ಬೆಳಸಿದ್ದು ನಿನ್ನ ರಸ್ಸಾಕ್ಕಲ್ಲ. ನಮ್ಮ ಮನಿಯಾಗಿಂದ ಒಂದು ಜೀವಾನೂ ಕೊಯ್ಯಾಕ ಹೋಗಂಗಿಲ್ಲ, ತಿಳಕೋ."

ಅವನು ಸಿಟ್ಟಾಗಲಿಲ್ಲ. "ನೀ ತುಂಬೂ ಶೆಲ್ ಏನು ಹೂವಿನ ತ್ವಾಟದಾಗ ಬೀಳ್ತಾವೇನೋ ಅಣ್ಣಾ?" ಎಂದು ನಕ್ಕು ಹೋದ. ನಾನು ಆ ಮಾತಿಗೆ ಉತ್ತರ ಹುಡುಕುತ್ತ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಟ ಮಾತ್ರ ಗಟ್ಟಿಯಾಯಿತು.

ಕೋಳಿ ತಿನ್ನುವ ಯಾವ ಮನೆಯಲ್ಲೂ ಆಗದ ತಪ್ಪು ಇದು. ಅವರು ಎರಡನೆಯ ಹುಂಜ ಕೂಗಿದ ವಾರವೇ ಒಂದನ್ನು ಮುಗಿಸಿಬಿಡುತ್ತಾರೆ. ನಮಗೆ ದಯೆ ಇತ್ತಲ್ಲ, ನಾವು ಎರಡನ್ನೂ ಬೆಳೆಸಿದೆವು.

ಜೂನಿನ ಮೊದಲ ದೊಡ್ಡ ಮಳೆ ಬಂದ ಬೆಳಿಗ್ಗೆ ಜಗಳ ಶುರುವಾಯಿತು. ಕೋಸಿನ ಎಲೆ ಹಾಕಿದ್ದೆ. ಗೌರ್ಯಾ ಟುಕ್ ಟುಕ್ ಎಂದು ಕರೆದ, ಹೇಂಟೆಗಳು ಹೊರಟವು, ಗಂಗ್ಯಾ ನಡುವೆ ಬಂದು ನಿಂತ. ಎರಡೂ ತಲೆ ತಗ್ಗಿಸಿದವು, ಕೊರಳ ಪುಕ್ಕ ಎದ್ದು ನಿಂತಿತು. ಆಮೇಲೆ ಒಂದರ ಎದೆಗೆ ಒಂದು ಹಾರಿದವು. ಸದ್ದು ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗೆ ಬರುತ್ತಿತ್ತು. ಕಾಲಿನ ಮುಳ್ಳು ಎದೆಗೆ ಹೋಗುವುದು, ಕೊಕ್ಕು ಜುಟ್ಟು ಹಿಡಿದು ಜಗ್ಗುವುದು, ಬಿಟ್ಟು ಮತ್ತೆ ಹಾರುವುದು. ಒಂದು ಕೊಡ ನೀರು ಸುರಿದೆ, ಬಿಡಿಸಲು ಹೋದ ಕೈಗೂ ಒಂದು ಬಿತ್ತು. ಬಿಡಿಸುವಷ್ಟರಲ್ಲಿ ಗೌರ್ಯಾನ ಜುಟ್ಟು ಅರ್ಧ ಹರಿದು ಕಣ್ಣಿನ ಮೇಲೆ ತೂಗುತ್ತಿತ್ತು.

ಹಳೆಯ ಬಾಗಿಲೊಂದನ್ನು ಅಡ್ಡ ನಿಲ್ಲಿಸಿ, ಪಕ್ಕಕ್ಕೂ ಮೇಲಕ್ಕೂ ತಂತಿಯ ಜಾಳಿಗೆ ಬಿಗಿದು ಹಿತ್ತಲನ್ನು ಎರಡು ಪಾಲು ಮಾಡಿದೆ. ಗಂಗ್ಯಾ ಆಚೆ, ಗೌರ್ಯಾ ಈಚೆ. ಜಾಳಿಗೆಯಿಂದಲೇ ಹೊಡೆದಾಡಿದವು. ತಂತಿಗೆ ರಕ್ತ, ಪುಕ್ಕ, ಚರ್ಮದ ಚೂರು ಅಂಟಿಕೊಂಡಿರುತ್ತಿತ್ತು. ದಿನಾ ಬೆಳಿಗ್ಗೆ ಒರೆಸುತ್ತಿದ್ದೆ, ಸಂಜೆಗೆ ಮತ್ತೆ ಅಷ್ಟೇ.

ಹೇಂಟೆಗಳನ್ನು ಎರಡು ಎರಡು ಹಂಚಿದೆ. ಅದು ನನ್ನ ಇನ್ನೊಂದು ಬುದ್ಧಿವಂತಿಕೆ. ಒಂದು ಹುಂಜಕ್ಕೆ ಎರಡೇ ಹೇಂಟೆ ಆದರೆ ಅವುಗಳ ಬೆನ್ನು ಉಳಿಯುವುದಿಲ್ಲ ಎಂದು ನನಗೆ ಯಾರು ಹೇಳಬೇಕಿತ್ತು? ಹೇಳುವವನ ಬಾಯಿ ಮುಚ್ಚಿಸಿದ್ದೆನಲ್ಲ. ಗಂಗ್ಯಾನ ಪಾಲಿಗೆ ಬಂದ ಚುಕ್ಕಿಯ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣಿಸಿತು. ಒಂದು ದಿನ ಮುಳ್ಳು ತಗುಲಿ ಪಕ್ಕೆ ಸೀಳಿತು. ಅರಿಶಿನ ಹಚ್ಚಿ ಡ್ಯೂಟಿಗೆ ಹೋದೆ. ಬುಟ್ಟಿಯಡಿ ಬೇರೆ ಇಡಬೇಕಿತ್ತು. ಒಬ್ಬಳೇ ಇದ್ದರೆ ಅಂಜುತ್ತಾಳೆ ಎಂದು, ಗಂಗ್ಯಾನ ಕಡೆಯಿಂದ ತಂದು ಈಚೆಯ ಎರಡು ಹೇಂಟೆಗಳ ಜೊತೆ ಬಿಟ್ಟುಹೋದೆ. ಇದೂ ದಯೆಯೇ.

ಸಂಜೆ ಮಳೆಯಲ್ಲಿ ಬಂದಾಗ ಚುಕ್ಕಿ ಬಚ್ಚಲ ಮೂಲೆಯಲ್ಲಿ ಬಿದ್ದಿತ್ತು. ಜೊತೆಯ ಹೇಂಟೆಗಳು ಗಾಯವನ್ನು ಕುಕ್ಕಿ ಕುಕ್ಕಿ ಒಳಗಿನದೆಲ್ಲ ಹೊರಗೆ ಎಳೆದಿದ್ದವು. ನನ್ನನ್ನು ಕಂಡು ಎರಡೂ ರೆಕ್ಕೆ ಬಿಚ್ಚಿ ಓಡಿ ಬಂದವು, ಎಂದಿನಂತೆ ತಿನ್ನಲು ಏನಾದರೂ ತಂದಿರಬಹುದೆಂದು. ಕೊಕ್ಕು ಕೆಂಪಾಗಿತ್ತು. ಬೆಳಿಗ್ಗೆ ಟೊಮ್ಯಾಟೊ ಹಾಕಿದಾಗಲೂ ಹೀಗೇ ಕೆಂಪಾಗುತ್ತಿದ್ದವು. ಅವತ್ತಿನಿಂದ ಕೋಳಿಗೆ ಟೊಮ್ಯಾಟೊ ಹಾಕುವುದು ನನ್ನಿಂದಾಗಲಿಲ್ಲ.

"ಒಂದನ್ನ ಕೊಟ್ಟಬಿಡ್ರಿ," ಎಂದಳು ಶಾಂತಾ. ಚುಕ್ಕಿಯನ್ನು ಹುಗಿದು ಬಂದು ಕೈ ತೊಳೆಯುತ್ತಿದ್ದೆ.

"ಯಾರಿಗೆ? ತಗೊಂಡಾಂವ ಕೊಯ್ತಾನ."

"ಇಲ್ಲೇ ಇಟ್ಕೊಂಡು ನೀವು ಏನ್ ಮಾಡಾಕತ್ತೀರಿ?"

ಶಿಂದೆಯನ್ನು ಕೇಳಿದೆ, ವಾಪಸು ಒಯ್ಯುತ್ತೀಯಾ, ಆದರೆ ಕೊಯ್ಯಬಾರದು ಎಂದು. ಅವನು ನೇರ ಮನುಷ್ಯ. ಸಾಹೇಬ, ಸುಳ್ಳು ಆಣೆ ಹಾಕುವುದಿಲ್ಲ, ಒಯ್ದರೆ ತಿನ್ನುತ್ತೇವೆ ಎಂದ. ಗೋಶಾಲೆಯೊಂದಕ್ಕೆ ಹೋಗಿ ಕೇಳಿದೆ. ಅಲ್ಲಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೋಳಿ ಇಟ್ಟುಕೊಳ್ಳುವುದಿಲ್ಲ ಎಂದರು. ಎರಡೂ ಇಲ್ಲೇ ಇರುತ್ತವೆ, ಯಾರೂ ಸಾಯುವುದಿಲ್ಲ, ನಾನು ಸಂಭಾಳಿಸುತ್ತೇನೆ ಎಂದು ಮನೆಗೆ ಬಂದು ಶಾಂತಾಳ ಮೇಲೆ ಹರಿಹಾಯ್ದೆ.

ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಗಂಗ್ಯಾ ಈಗ ಮನುಷ್ಯರ ಮೇಲೂ ಬರತೊಡಗಿತ್ತು. ನನ್ನ ಪಾದ, ಶಾಂತಾಳ ಮೀನಖಂಡ ಎಲ್ಲ ಗಾಯ. ಆದರೂ ಬಟ್ಟಲು ಹಿಡಿದು ಹೋಗುವುದು ಬಿಟ್ಟಿರಲಿಲ್ಲ.

ಜಾಧವನಿಗೆ ಸಾನವಿ ಎಂಬ ಐದು ವರ್ಷದ ಮೊಮ್ಮಗಳು. ಚಳಿಗಾಲದಲ್ಲಿ ನಾನೇ ಅವಳಿಗೆ ಕಲಿಸಿದ್ದೆ: ಕುಕ್ಕರುಗಾಲಲ್ಲಿ ಕೂರಬೇಕು, ಅಂಗೈ ಚಾಚಬೇಕು, ಅಲುಗಾಡಬಾರದು, ಬಾ ಬಾ ಅನ್ನಬೇಕು. ಮಳೆ ಕೊಂಚ ನಿಂತ ಒಂದು ಭಾನುವಾರ ಅವಳು ಅಜ್ಜಿ ಸೋಸುತ್ತಿದ್ದ ಮೆಂತೆಯಿಂದ ಒಂದು ಹಿಡಿ ಎತ್ತಿಕೊಂಡು, ಬೇಲಿಯ ಕಿಂಡಿ ತೂರಿ, ಗಂಗ್ಯಾ ಇದ್ದ ಪಾಲಿಗೆ ಹೋಗಿ, ನಾನು ಕಲಿಸಿದಂತೆಯೇ ಕುಳಿತಳು. ಅಲುಗಾಡಲಿಲ್ಲ. ನಾನು ಕಿರುಚಿದ್ದು ಕೇಳಿ ಹೊರಗೆ ಬಂದಾಗ ಹುಂಜ ಅವಳ ಎದೆಯ ಮೇಲಿತ್ತು. ಒದ್ದು ಓಡಿಸಿದೆ. ಕೆನ್ನೆ ಕಣ್ಣಿನ ಕೆಳಗಿನಿಂದ ಬಾಯಿಯ ತನಕ ಸೀಳಿತ್ತು. ಮೆಂತೆ ಸೊಪ್ಪು ಇನ್ನೂ ಮುಷ್ಟಿಯಲ್ಲೇ ಇತ್ತು.

ಐದು ಹೊಲಿಗೆ ಬಿತ್ತು. ಕಣ್ಣು ಉಳಿಯಿತು. ಆಸ್ಪತ್ರೆಯಿಂದ ಬಂದ ಜಾಧವ ನೇರ ಅಡುಗೆಮನೆಗೆ ಹೋಗಿ, ಮಚ್ಚಿನಂಥ ಕೊಯ್ತಾ ಹಿಡಿದು, ಕಿಂಡಿಯಿಂದ ನಮ್ಮ ಹಿತ್ತಲಿಗೆ ಬಂದ.

"ಸರಿ ಅಣ್ಣಾ, ಬಾಜೂಕ ಸರಿ."

ನಾನು ಸರಿಯಬೇಕಿತ್ತು. ನನಗೇ ಆ ಹುಂಜದ ಕುತ್ತಿಗೆ ಹಿಸುಕುವಷ್ಟು ಸಿಟ್ಟಿತ್ತು. ಆದರೆ ಕೊಯ್ತಾ ಕಂಡದ್ದೇ ನನ್ನ ಹಟ ಎದ್ದು ನಿಂತಿತು. ಅದಕ್ಕೆ ಇನ್ನೇನು ಹೆಸರು ಕೊಡಲಿ? ದಯೆ ಅಂತೂ ಅಲ್ಲ.

"ನನ್ನ ಹಿತ್ತಲದಾಗ ರಕ್ತ ಬೀಳಬಾರದು," ಎಂದೆ.

"ನನ್ನ ಮೊಮ್ಮಗಳ ರಕ್ತ ಎಲ್ಲಿ ಬಿತ್ತೋ?"

ಅವನು ನನ್ನನ್ನು ಸರಿಸಿ ಮುಂದೆ ಹೊರಟ. ನಾನು ಎರಡೂ ಕೈಯಿಂದ ಅವನ ಎದೆಗೆ ನೂಕಿದೆ. ಮೂವತ್ತು ವರ್ಷ ನಿಧಾನ ನಿಧಾನ ಎಂದು ಕಲಿತ ಕೈ ಅವತ್ತು ನಿಧಾನವಾಗಲಿಲ್ಲ. ಅವನು ಪಾಚಿಯ ಮೇಲೆ ಜಾರಿ, ಒಗೆಯುವ ಕಲ್ಲಿನ ಅಂಚಿಗೆ ಬಲ ಮೊಣಕೈ ಊರಿ ಬಿದ್ದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವನು ಬಿದ್ದಲ್ಲಿಂದಲೇ ನನ್ನ ಮುಖ ನೋಡಿದ.

ಶಾಂತಾ ಬಂದು ಅವನನ್ನು ಎಬ್ಬಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಹಿತ್ತಲದಾಗ ಎರಡು ಹುಂಜ ಅಲ್ಲರಿ, ನಾಕು ಅದಾವು," ಎಂದಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಜಾಧವ, ಮಳೆಯಲ್ಲಿ ಕಾಲು ಜಾರಿತು ಎಂದು ಬರೆಸಿದ. ಕಾರ್ಖಾನೆಯಲ್ಲೂ ಹಾಗೆಯೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಬೇಲಿಯ ಕಿಂಡಿಗೆ ಒಂದು ತಗಡು ಬಂತು. ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೆರಡನೆಯ ದಿನ ಗಟಾರಿಯ ಅಮಾವಾಸ್ಯೆ. ಶಾಂತಾ ಬೆಳಿಗ್ಗೆಯೇ ಎದ್ದು ದೀಪದ ಕಂಬಗಳನ್ನೆಲ್ಲ ತಿಕ್ಕಿ ತೊಳೆದು, ಕಡುಬಿಗೆ ಕಣಕ ನಾದುತ್ತಿದ್ದಳು. ಬಚ್ಚಲಲ್ಲಿ ಸ್ನಾನದ ನೀರು ಕುದಿಯುತ್ತಿತ್ತು. ರಾತ್ರಿಯ ಮಳೆಗೆ ನೆಲ ಮೆತ್ತಗಾಗಿ, ಅಡ್ಡ ನಿಲ್ಲಿಸಿದ ಬಾಗಿಲು ವಾಲಿ ಬಿದ್ದದ್ದು ನಮಗೆ ಗೊತ್ತೇ ಆಗಲಿಲ್ಲ. ನಾನು ಬಟ್ಟಲು ಹಿಡಿದು ಹೊರಬಂದಾಗ ಎಲ್ಲ ಮುಗಿದಿತ್ತು. ಗಂಗ್ಯಾ ಒಗೆಯುವ ಕಲ್ಲಿನ ಮೇಲೆ ನಿಂತು ಕೂಗುತ್ತಿತ್ತು, ಎದೆಯೆಲ್ಲ ರಕ್ತ, ತನ್ನದೋ ಇನ್ನೊಂದರದೋ. ಕೆಳಗೆ ಕೆಸರಿನಲ್ಲಿ ಗೌರ್ಯಾ. ಒಂದು ಕಣ್ಣು ಇರಲಿಲ್ಲ. ಕೊರಳ ಚರ್ಮ ಸುಲಿದು ಕೆಳಗಿಳಿದಿತ್ತು, ಒಂದು ರೆಕ್ಕೆ ಮುರಿದು ಹಿಂದಕ್ಕೆ ಹೊರಳಿತ್ತು. ಸತ್ತಿರಲಿಲ್ಲ. ಹೇಂಟೆಗಳು ಸುತ್ತ ನಿಂತು ಕುಕ್ಕಲು ಶುರುಮಾಡಿದ್ದವು. ದಿನಾ ತಾನು ತಿನ್ನದೆ ಕರೆದು ಕರೆದು ತಿನಿಸಿದ ಹೇಂಟೆಗಳು.

ಅದನ್ನು ಎತ್ತಿ ಎದೆಗೊತ್ತಿಕೊಂಡೆ. ನನ್ನ ಬನಿಯನ್ ಒದ್ದೆಯಾಯಿತು. ಇನ್ನು ಇದು ಉಳಿಯುವುದಿಲ್ಲ, ಆದರೆ ಸಾಯಲು ಸಂಜೆಯ ತನಕ ಹಿಡಿಯಬಹುದು ಎಂದು ನೋಡಿದರೆ ತಿಳಿಯುತ್ತಿತ್ತು. ಮೈ ನಡುಗುತ್ತಿತ್ತು, ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು. ಏನು ಮಾಡಬೇಕೆಂದು ಗೊತ್ತಿತ್ತು, ಹೇಗೆ ಮಾಡಬೇಕೆಂದು ಗೊತ್ತಿರಲಿಲ್ಲ. ತಗಡು ಸರಿಸಿ ಜಾಧವನ ಹಿತ್ತಲಿಗೆ ಹೋದೆ.

ಅವನು ಹಿಂಬಾಗಿಲ ಮೆಟ್ಟಿಲ ಮೇಲೆ, ಪ್ಲಾಸ್ಟರಿನ ಕೈ ಕೊರಳಿಗೆ ತೂಗುಹಾಕಿಕೊಂಡು ಚಹ ಕುಡಿಯುತ್ತಿದ್ದ.

"ಜಾಧವ, ಇದನ್ನ ಮುಗಸು. ಕೈ ಮುಗಿತೀನಿ."

ಅವನು ಹುಂಜವನ್ನು ನೋಡಿದ, ನನ್ನನ್ನು ನೋಡಿದ. ಚಹದ ಕಪ್ಪು ಕೆಳಗಿಟ್ಟು ಪ್ಲಾಸ್ಟರಿನ ಕೈಯನ್ನು ಒಂದಿಷ್ಟು ಎತ್ತಿ ತೋರಿಸಿದ.

"ಯಾವ ಕೈಯಿಂದ ಮುಗಸಲೋ ಅಣ್ಣಾ? ಎಡಗೈಯಿಂದ ಆಗಂಗಿಲ್ಲ. ನೀ ಮಾಡು. ನಾ ಹೇಳ್ತೀನಿ."

ಕುಹಕದಿಂದ ಹೇಳಿದ್ದಲ್ಲ ಅದು. ಇದ್ದ ಸಂಗತಿ ಹೇಳಿದ. ಒಳಗಿನಿಂದ ಅದೇ ಕೊಯ್ತಾ ತರಿಸಿದ. ಅವನ ಹೆಂಡತಿ, ನಾನು ವಹಿನಿ ಎಂದು ಕರೆಯುವವಳು, ನನ್ನ ಮುಖ ನೋಡದೆ ಕೊಯ್ತಾವನ್ನು ತಮ್ಮ ಒಗೆಯುವ ಕಲ್ಲಿನ ಮೇಲಿಟ್ಟು ಒಳಗೆ ಹೋದಳು.

"ರೆಕ್ಕಿ ಎರಡೂ ಕೂಡಿಸಿ ಎಡಗಾಲಿನ ಕೆಳಗ ಮೆಲ್ಲಕ ಒತ್ತು. ಹಾಂ. ಎಡಗೈಯಿಂದ ತಲಿ ಹಿಡಿ, ಕೊಳ್ಳು ಉದ್ದ ಮಾಡು. ಅಣ್ಣಾ, ಕೇಳು. ಒಂದ ಏಟಿಗೆ ಆಗಬೇಕು. ನೀ ಹೆದರಿ ನಿಧಾನ ಮಾಡಿದಿ ಅಂದ್ರ ತ್ರಾಸ ಅದಕ್ಕ."

ಕೈಗೆ ಅಂಟಿಕೊಂಡ ಮೆಂತೆ ಎಲೆ ಇತ್ತು, ಬಟ್ಟಲಿನದು. ಯಾಕೆ ಮಾಡಿದೆನೋ, ಅದನ್ನು ಗೌರ್ಯಾನ ಕೊಕ್ಕಿನ ಹತ್ತಿರ ಹಿಡಿದೆ. ಅದು ಎಲೆ ಹಿಡಿಯಿತು. ನುಂಗಲಿಲ್ಲ. ಕಲ್ಲಿನ ಮೇಲೆ ಇಟ್ಟು, ಹರಿದ ಗಂಟಲಿನಿಂದ, ಕೇಳಿಸುವುದೋ ಇಲ್ಲವೋ ಎಂಬಷ್ಟು ಸಣ್ಣಗೆ, ಟುಕ್ ಟುಕ್ ಎಂದಿತು. ಕರೆಯುತ್ತಿತ್ತು. ತಗಡಿನ ಆಚೆ ಹೇಂಟೆಗಳು ಗಂಗ್ಯಾನ ಸುತ್ತ ಇದ್ದವು. ಯಾವುದೂ ಬರಲಿಲ್ಲ.

ಜಾಧವ ಮುಖ ಆಚೆ ತಿರುಗಿಸಿದ. "ಮಾಡು ಅಣ್ಣಾ."

ಮಾಡಿದೆ. ಆದರೆ ನಿಧಾನವಾಗಿ ಮಾಡಿದೆ. ಮನುಷ್ಯನನ್ನು ನೂಕುವಾಗ ಇಲ್ಲದ ನಿಧಾನ ಆಗ ಬಂತು. ಮೂವತ್ತು ವರ್ಷದ ರೂಢಿ, ಅಪಾಯದ ವಸ್ತು ಕೈಯಲ್ಲಿದ್ದರೆ ಕೈ ತಾನೇ ತಡೆದುಕೊಳ್ಳುತ್ತದೆ. ಕೊಯ್ತಾ ಅರ್ಧಕ್ಕೆ ನಿಂತಿತು. ಹುಂಜ ಕಾಲಿನ ಕೆಳಗಿನಿಂದ ಎದ್ದು ಒದರಿತು, ಬಿಸಿ ರಕ್ತ ನನ್ನ ಮುಖಕ್ಕೆ, ಕೊರಳಿನ ಲಿಂಗಕ್ಕೆ ಸಿಡಿಯಿತು. "ಮತ್ತೊಂದು, ಮತ್ತೊಂದು ಹಾಕು," ಎಂದು ಜಾಧವ ಅಂದ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. ಎರಡನೆಯ ಏಟು ಇಬ್ಬರೂ ಕೂಡಿಯೇ ಹಾಕಿದೆವು. ಮೂರನೆಯದೂ ಬೇಕಾಯಿತು.

ನಾನು ಅತ್ತೆ. ಗಂಡಸು, ಐವತ್ತೊಂಬತ್ತು ವರ್ಷದವನು, ಹುಂಜದ ರಕ್ತದಲ್ಲಿ ಕುಕ್ಕರುಗಾಲಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತೆ. ಸಂಕ್ರಾಂತಿಯ ವಾರ ಜಾಧವನ ಕೈಗೆ ಒಂದನ್ನು ಕೊಟ್ಟಿದ್ದರೆ ಒಂದೇ ಏಟಿಗೆ ಒಂದು ಜೀವ ಹೋಗುತ್ತಿತ್ತು. ನಾನು ಯಾರನ್ನೂ ಸಾಯಲು ಬಿಡುವುದಿಲ್ಲ ಎಂದು ಕೂತು ಚುಕ್ಕಿಯನ್ನು ಕೊಲ್ಲಿಸಿದೆ, ಮಗುವಿನ ಮುಖ ಸೀಳಿಸಿದೆ, ಗೆಳೆಯನ ಕೈ ಮುರಿದೆ, ನನ್ನ ಪ್ರಾಣದಂಥ ಹುಂಜವನ್ನು ಮೂರು ಏಟಿಗೆ ಕೊಂದೆ.

"ಏನು ಮಾಡೂದು ಇದನ್ನ?" ಎಂದ ಜಾಧವ.

"ನಿಮ್ಮದು ಹಬ್ಬ ಅದಲ್ಲ. ಉಣ್ರಿ. ಹಾಳ ಮಾಡಬ್ಯಾಡ್ರಿ."

"ಒಂದ ಕೈಯಿಂದ ಪುಕ್ಕ ತಗ್ಯಾಕ ಬರಂಗಿಲ್ಲ ಅಣ್ಣಾ."

ವಹಿನಿ ಬಿಸಿನೀರಿನ ಬಕೆಟ್ ತಂದಿಟ್ಟಳು. ಅದ್ದಿ, ತೆಗೆದು, ಒಂದೊಂದೇ ಹಿಡಿ ಪುಕ್ಕ ಕಿತ್ತೆ. ವಾಸನೆ ಎರಡೂ ಕೈಗೆ ಅಂಟಿಕೊಂಡಿತು. ಸಾನವಿ ಬಾಗಿಲ ಮರೆಯಲ್ಲಿ ನಿಂತು, ಕೆನ್ನೆಗೆ ಪಟ್ಟಿ, ನೋಡುತ್ತಿದ್ದಳು. ಇಡೀ ಹೊತ್ತು ಜಾಧವ ಪಕ್ಕದಲ್ಲೇ ಕೂತಿದ್ದ. ಆಮೇಲೆ ತಗಡು ಕಿತ್ತು ಆಚೆ ಎಸೆದ, ಎಡಗೈಯಿಂದ.

ಮನೆಗೆ ಬಂದಾಗ ಶಾಂತಾ ನನ್ನನ್ನು ಬಚ್ಚಲಲ್ಲಿ ಕೂರಿಸಿ ತಲೆಗೆ ನೀರು ಹಾಕಿದಳು, ಲಿಂಗವನ್ನು ತಾನೇ ತೊಳೆದು ಕೊರಳಿಗೆ ಕಟ್ಟಿದಳು. ದೀಪ ಹಚ್ಚಿದೆ. ಕೈ ಮೂಗಿನ ಹತ್ತಿರ ಬಂದಾಗಲೆಲ್ಲ ಅದೇ ವಾಸನೆ.

ಮರುದಿನ ಗಂಗ್ಯಾನ ಕಾಲು ಕಟ್ಟಿ ಚೀಲದಲ್ಲಿ ಹಾಕಿ ಶಿಂದೆಯ ಕೈಗೆ ಕೊಟ್ಟೆ. ಏನು ಮಾಡುತ್ತೀ ಎಂದು ಕೇಳಲಿಲ್ಲ. ಅವನೇ ಹೇಳಿದ, ಶ್ರಾವಣ ಹಿಡಿಯಿತು ಸಾಹೇಬ, ಇನ್ನೊಂದು ತಿಂಗಳಂತೂ ಇರುತ್ತದೆ. ಉಳಿದ ಮೂರು ಹೇಂಟೆಗಳ ಬೆನ್ನಿನ ಮೇಲೆ ದಸರೆಯ ಹೊತ್ತಿಗೆ ಹೊಸ ಪುಕ್ಕ ಬಂತು. ನಾನು ಬಟ್ಟಲು ಹಿಡಿದು ಹೋದರೆ ಓಡಿ ಬರುತ್ತಿದ್ದವು, ಏನೂ ಆಗಿಯೇ ಇಲ್ಲ ಎನ್ನುವಂತೆ. ನಿವೃತ್ತನಾಗಿ ಕ್ವಾರ್ಟರ್ಸು ಬಿಡುವಾಗ ಅವನ್ನು ಜಾಧವನಿಗೆ ಬಿಟ್ಟುಬಂದೆ. ಷರತ್ತು ಹಾಕಲಿಲ್ಲ.

ಸರದಿ ಮುಗಿದು ನನ್ನ ಪಾಳಿ ಬಂತು. ಅಂಗಡಿಯ ಹುಡುಗನಿಗೆ ಪುರುಸೊತ್ತಿಲ್ಲ. ಪಂಜರದಿಂದ ಒಂದನ್ನು ಎಳೆದು ತಕ್ಕಡಿಗೆ ಹಾಕಿ, "ಬೋಲಾ ಕಾಕಾ," ಎಂದ, ಎಷ್ಟು ಬೇಕು ಎನ್ನುವಂತೆ. ರಸ್ತೆಯ ಆಚೆ ಶಾಂತಾ ಕಡುಬಿನ ಡಬ್ಬಿ ಎದೆಗೊತ್ತಿಕೊಂಡು ನಿಂತಿದ್ದಳು. ಮೆಟ್ಟಿಲ ಮೇಲಿನಿಂದ ಜಾಧವ ಎದ್ದು ಬರುತ್ತಿದ್ದ. ಹುಡುಗನ ಒಂದು ಕಣ್ಣು ಮೊಬೈಲಿನ ಮೇಲಿತ್ತು, ಒಂದು ಕೈ ಕೋಳಿಯ ರೆಕ್ಕೆಯ ಮೇಲಿತ್ತು. ಅದು ಕೊಕ್ಕು ತೆರೆದು ನನ್ನನ್ನೇ ನೋಡುತ್ತಿತ್ತು.

"ಮೊಬೈಲು ಕೆಳಗಿಡಪ್ಪ," ಎಂದೆ ಮರಾಠಿಯಲ್ಲಿ. "ಕೈ ಗಟ್ಟಿ ಹಿಡಿ. ಒಂದೇ ಏಟಿಗೆ ಮುಗಿಸು."